ನಡುವಿನ ತೂತು

ಹೊಸ ಗೇರ್ ಲಿವರ್ ಕೂರಿಸಿ ಮೂರನೇ ದಿನ. ಬೆಳಗ್ಗೆ ಜೋರು ಚಳಿ. ಕಾರು ಸ್ಟಾರ್ಟ್ ಮಾಡಿ ಒಂದನೇ ಗೇರಿನಲ್ಲಿ ನಿಧಾನಕ್ಕೆ ರಸ್ತೆಗೆ ತಂದೆ. ಎರಡನೇ ಗೇರಿಗೆ ಎಳೆದೆ. ಬೀಳಲಿಲ್ಲ. ಮುಚ್ಚಿದ ಬಾಗಿಲಿಗೆ ಕೈ ಒತ್ತಿದ ಹಾಗಾಯಿತು. ಚಿಲಕ ಹಾಕಿದ ಬಾಗಿಲಲ್ಲ ಅದು, ಆ ಕಡೆ ಯಾರೋ ಬೆನ್ನು ಕೊಟ್ಟು ನಿಂತಿದ್ದಾರೆ ಅನ್ನುವಂಥ ತಡೆ. ಹಾಗೇ ಒತ್ತಿ ಹಿಡಿದೆ. ಅರ್ಧ ಸೆಕೆಂಡ್ ಇರಬಹುದು, ಅಷ್ಟೇ. ಆಮೇಲೆ ತಾನಾಗಿ ಒಳಗೆ ಜಾರಿತು. ಕರ್ರ್ ಅನ್ನಲಿಲ್ಲ, ಒದೆಯಲಿಲ್ಲ. ಐದು ಕಿಲೋಮೀಟರ್ ಹೋಗುವ ಹೊತ್ತಿಗೆ ಆ ತಡೆಯೂ ಮಾಯವಾಗಿತ್ತು.

ಆ ಅರ್ಧ ಸೆಕೆಂಡ್ ಮಾತ್ರ ತಲೆಯಿಂದ ಹೋಗಲಿಲ್ಲ. ಆರು ವರ್ಷದಿಂದ ಇದೇ ಕಾರು ಓಡಿಸುತ್ತಿದ್ದೇನೆ. ಇದಕ್ಕಿಂತ ಜಾಸ್ತಿ ಚಳಿಯಲ್ಲೂ ಓಡಿಸಿದ್ದೇನೆ. ಎರಡನೇ ಗೇರ್ ಯಾವತ್ತೂ ಹೀಗೆ ತಡೆದಿರಲಿಲ್ಲ. ಗೇರ್‌ಬಾಕ್ಸ್ ಅದೇ, ಒಳಗಿನ ಆಯಿಲ್ ಅದೇ. ನಾನು ಗೇರ್‌ಬಾಕ್ಸಿನ ಒಂದು ನಟ್ಟನ್ನೂ ಮುಟ್ಟಿರಲಿಲ್ಲ. ಬದಲಿಸಿದ್ದು ನನ್ನ ಕೈಗೂ ಅದಕ್ಕೂ ನಡುವೆ ಇದ್ದ ಒಂದು ಸರಳನ್ನು ಮಾತ್ರ. ಹಾಗಿದ್ದರೆ ಗೇರ್‌ಬಾಕ್ಸ್ ಯಾಕೆ ಬೇರೆ ಥರ ನಡೆದುಕೊಳ್ಳಬೇಕು? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಗೊತ್ತಾಗಿದ್ದು ಲಿವರ್ ಬಗ್ಗೆ ಸ್ವಲ್ಪ, ನನ್ನ ಕೈ ಬಗ್ಗೆ ಜಾಸ್ತಿ. ಅದನ್ನೇ ಬರೆಯುತ್ತಿದ್ದೇನೆ.

ಟೇಪು ಹಿಡಿದು ಅಳೆದಾಗ

ಕೈ ಕಡಿಮೆ ದೂರ ಹೋದರೂ ಗೇರ್ ಬೀಳುವಂಥ ಲಿವರಿನ ಆಸೆ ಹುಟ್ಟಿದ್ದು ಗೆಳೆಯನ ಕಾರಿನಲ್ಲಿ. ಅವನ ಹತ್ತಿರ ಮಾಜ್ದಾ ಎಂಎಕ್ಸ್-5 ಇದೆ. ಎರಡೇ ಸೀಟಿನ ಪುಟ್ಟ ಗಾಡಿ. 1989ರಲ್ಲಿ ಬಂದ ಮೊದಲ ಮಾದರಿಯಿಂದಲೂ ಅದರ ಗೇರಿಗೆ ಒಳ್ಳೆಯ ಹೆಸರಿದೆ. ಒಂದು ಸಂಜೆ ಓಡಿಸಲು ಕೊಟ್ಟ. ಮಣಿಕಟ್ಟು ಅಲುಗಿಸಿದರೆ ಸಾಕು, ಗೇರ್ ಬಿದ್ದಿರುತ್ತಿತ್ತು. ಮೊಣಕೈ ಎತ್ತುವ ಕೆಲಸವೇ ಇಲ್ಲ. ಆ ಕಾರಿನಲ್ಲಿ ಎಂಜಿನ್ ಮುಂದೆ ಉದ್ದಕ್ಕೆ ಕೂತಿದೆ, ಅದರ ಹಿಂದೆ ಗೇರ್‌ಬಾಕ್ಸ್. ಹಾಗಾಗಿ ಲಿವರ್ ನೇರ ಗೇರ್‌ಬಾಕ್ಸಿನ ತಲೆಯ ಮೇಲೇ ನಿಂತಿರುತ್ತದೆ. ನಡುವೆ ಮಧ್ಯಸ್ಥಿಕೆಗೆ ಯಾರೂ ಇಲ್ಲ.

ವಾಪಸ್ ಬಂದು ನನ್ನ ಕಾರಿನಲ್ಲಿ ಕೂತು ಮೂರರಿಂದ ನಾಲ್ಕಕ್ಕೆ ಹಾಕಿದೆ. ಕೈ ಊರೆಲ್ಲ ಸುತ್ತಿ ಬಂದ ಹಾಗನ್ನಿಸಿತು. ನನ್ನದು ಮುಂದಿನ ಚಕ್ರಗಳನ್ನು ಓಡಿಸುವ ಕಾರು. ಎಂಜಿನ್ ಅಡ್ಡಕ್ಕೆ ಕೂತಿದೆ, ಗೇರ್‌ಬಾಕ್ಸ್ ಅದರ ಪಕ್ಕದಲ್ಲಿದೆ. ಲಿವರಿನಿಂದ ಅಲ್ಲಿಗೆ ಎರಡು ಕೇಬಲ್ ಹೋಗುತ್ತವೆ. ಲಿವರ್ ಹಿಂದೆ ಮುಂದೆ ಹೋದದ್ದನ್ನು ಒಂದು ಕೇಬಲ್ ತಲುಪಿಸುತ್ತದೆ, ಎಡ ಬಲ ಹೋದದ್ದನ್ನು ಇನ್ನೊಂದು. ಆರು ವರ್ಷ ನನಗೆ ಇದರ ಬಗ್ಗೆ ಒಂದು ದೂರೂ ಇರಲಿಲ್ಲ. ಆ ಸಂಜೆಯಿಂದ ಪ್ರತಿ ಗೇರಿನಲ್ಲೂ ಕೈ ಹೋಗುವ ದೂರ ಎಣಿಸುವ ಹಾಗಾಯಿತು.

ಮರುದಿನವೇ ಟೇಪು ತಂದು ಅಳೆದೆ. ಮೂರನೇ ಗೇರಿನಲ್ಲಿ ಲಿವರಿನ ತುದಿಯ ಹಿಡಿ, ಅಂದರೆ ನಾಬ್, ಇರುವ ಜಾಗದಿಂದ ನಾಲ್ಕನೇ ಗೇರಿನಲ್ಲಿ ಇರುವ ಜಾಗಕ್ಕೆ 120 ಮಿಲಿಮೀಟರ್. ಅಂದರೆ ನ್ಯೂಟ್ರಲ್‌ನಿಂದ ಈ ಕಡೆ 60, ಆ ಕಡೆ 60. ಆಮೇಲೆ ಲಿವರಿನ ಸುತ್ತಲಿನ ಹೊದಿಕೆ, ಅಂದರೆ ಕನ್ಸೋಲ್, ಬಿಚ್ಚಿ ಕೆಳಗೆ ನೋಡಿದೆ. ಲಿವರ್ ಒಂದು ಗುಂಡಿನ ಮೇಲೆ ತಿರುಗುತ್ತದೆ. ಆ ಗುಂಡಿನಿಂದ ನಾಬ್ ತನಕ 240 ಮಿಲಿಮೀಟರ್. ಗುಂಡಿನಿಂದ ಕೆಳಗೆ ಕೇಬಲ್ ಸಿಕ್ಕಿಸಿದ ಜಾಗಕ್ಕೆ 60. ಹಾರೆ ಹಾಕಿ ಕಲ್ಲು ಮೀಟಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮೇಲಿನ ತೋಳು ಕೆಳಗಿನದರ ನಾಲ್ಕು ಪಟ್ಟು. ಕೈ 60 ಮಿಲಿಮೀಟರ್ ಹೋದರೆ ಕೇಬಲ್ 15 ಮಿಲಿಮೀಟರ್ ಹೋಗುತ್ತದೆ, ಕೈ ಹಾಕಿದ ಬಲ ನಾಲ್ಕು ಪಟ್ಟಾಗಿ ಕೇಬಲ್‌ಗೆ ಸಿಗುತ್ತದೆ.

ಗೇರ್‌ಬಾಕ್ಸ್ ಒಳಗೆ ಬೇಕಾದ್ದು ಆ 15 ಮಿಲಿಮೀಟರ್. ಅದು ಬದಲಾಗುವುದಿಲ್ಲ. ಶಾರ್ಟ್ ಥ್ರೋ ಶಿಫ್ಟರ್ ಅನ್ನುವ ಸಾಮಾನು ಮಾಡುವುದೆಲ್ಲ ಇಷ್ಟೇ: ಕೆಳಗಿನ ತೋಳನ್ನು ಉದ್ದ ಮಾಡುತ್ತದೆ, ಇಲ್ಲವೇ ತಿರುಗುವ ಗುಂಡನ್ನು ಮೇಲೆ ಏರಿಸುತ್ತದೆ. ಮೇಲಿನ ತೋಳನ್ನೇ ಕತ್ತರಿಸಿ ಗಿಡ್ಡ ಮಾಡಿದರೂ ಲೆಕ್ಕ ಒಂದೇ. ಆದರೆ ಆಗ ನಾಬ್ ಕೆಳಗೆ ಹೋಗುತ್ತದೆ, ಪ್ರತಿ ಸಲ ಭುಜ ಬಗ್ಗಿಸಬೇಕಾಗುತ್ತದೆ. ಕೇಬಲ್ ಇರುವ ಕೆಲವು ಕಾರುಗಳಲ್ಲಿ ಇದನ್ನು ಗೇರ್‌ಬಾಕ್ಸಿನ ತುದಿಯಲ್ಲಿ ಮಾಡುತ್ತಾರೆ. ಅಲ್ಲಿರುವ ತೋಳನ್ನು ಗಿಡ್ಡ ಮಾಡಿದರೂ ಕೈಯ ದಾರಿ ಕಡಿಮೆಯಾಗುತ್ತದೆ. ಒಂದು ಎಚ್ಚರ ಬೇಕು. ಎಷ್ಟೋ ಕಾರುಗಳಲ್ಲಿ ಕಂಪನಿಯವರು ಆ ತೋಳಿಗೆ ಒಂದು ಕಬ್ಬಿಣದ ಗುಂಡನ್ನು ಬೇಕೆಂದೇ ಕೂರಿಸಿರುತ್ತಾರೆ. ಆ ಭಾರ ಒಮ್ಮೆ ಚಲಿಸಲು ಶುರುವಾದರೆ ಸಣ್ಣಪುಟ್ಟ ತಡೆಗಳನ್ನು ತಾನೇ ದಾಟಿಸಿಕೊಂಡು ಹೋಗುತ್ತದೆ. ಹಗುರವಾದ ಹೊಸ ತೋಳು ಹಾಕಿದರೆ ಆ ಸಹಾಯ ಹೋಗುತ್ತದೆ, ಗೇರ್ ಕಟಕಟ ಅನ್ನಲು ಶುರುವಾಗುತ್ತದೆ.

ನಾನು ತಂದದ್ದು ಹೊಂದಿಸಿಕೊಳ್ಳಬಹುದಾದ ಬಗೆಯದು. ಕೆಳಗಿನ ತೋಳಿನಲ್ಲಿ ಮೂರು ತೂತು: 70, 80, 90 ಮಿಲಿಮೀಟರ್ ದೂರದಲ್ಲಿ. ಕೇಬಲ್ಲಿನ ತುದಿಯನ್ನು ಯಾವ ತೂತಿಗೆ ಬೇಕಾದರೂ ಸಿಕ್ಕಿಸಬಹುದು. ಮೇಲೆ ನಾಬ್ ಎತ್ತರವನ್ನೂ ಏರಿಸಿ ಇಳಿಸಬಹುದು. ಕಾಗದದ ಮೇಲೆ ಲೆಕ್ಕ ಹಾಕಿದೆ. ಮೊದಲ ತೂತಿಗೆ ಹಾಕಿದರೆ 120 ಮಿಲಿಮೀಟರ್ ದಾರಿ ಸುಮಾರು 103 ಆಗುತ್ತದೆ. ನಡುವಿನದಕ್ಕೆ 90. ಕೊನೆಯದಕ್ಕೆ 80. ಮೂರನೇ ಒಂದು ಪಾಲು ದಾರಿ ಉಳಿತಾಯ! ಅದರ ಪಕ್ಕದಲ್ಲೇ ಇನ್ನೊಂದು ಸಾಲು ಬರೆದಿದ್ದೆ: ಕೊನೆಯ ತೂತಿಗೆ ಕೈಯ ಬಲ ಒಂದೂವರೆ ಪಟ್ಟು ಬೇಕು. ಆ ಸಾಲನ್ನು ನಾನೇ ಬರೆದೆ, ಓದಿದೆ, ಆದರೂ ಅದು ಆಗ ನನಗೆ ತಟ್ಟಲಿಲ್ಲ. ಬಲ ತಾನೇ, ಕೈಯಲ್ಲಿ ಇದೆಯಲ್ಲ ಅಂದುಕೊಂಡೆ.

ಸೀಟು ತೆಗೆದ ರಾತ್ರಿ

ಕೂರಿಸುವ ಕೆಲಸ ಮೂರು ಗಂಟೆಯದು ಅಂದುಕೊಂಡು ಸಂಜೆ ಶುರು ಮಾಡಿದೆ. ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಇದನ್ನು ಯಾರೂ ತಪ್ಪಿಸಬಾರದು. ತುಂಬಾ ಕಾರುಗಳಲ್ಲಿ ಏರ್‌ಬ್ಯಾಗಿನ ಪೆಟ್ಟಿಗೆ ಇದೇ ಕನ್ಸೋಲಿನ ಕೆಳಗೆ, ಲಿವರಿನ ಆಸುಪಾಸಿನಲ್ಲೇ ಇರುತ್ತದೆ. ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾದು ಆಮೇಲೆ ಕೈ ಹಾಕಬೇಕು. ಆಮೇಲೆ ನಾಬ್ ತಿರುಗಿಸಿ ತೆಗೆದೆ, ಚರ್ಮದ ಕವಚ ಎತ್ತಿದೆ, ಕನ್ಸೋಲ್ ಬಿಚ್ಚಿದೆ. ಕೈ ಆಡಲು ಜಾಗ ಸಾಲದೆ ಒಂದು ಸೀಟನ್ನೂ ತೆಗೆದೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಾರಿನ ನೆಲದ ಮೇಲೆ ಮಗ್ಗುಲಾಗಿ ಮಲಗಿದೆ.

ಕೇಬಲ್ಲಿನ ತುದಿಯನ್ನು ಹಿಡಿದಿದ್ದ ಕ್ಲಿಪ್ ಒಂದಿತ್ತು. ಬೆರಳ ತುದಿಯಷ್ಟು ದೊಡ್ಡದು. ಸ್ಕ್ರೂಡ್ರೈವರಿನಿಂದ ಮೀಟಿದ ಕೂಡಲೇ ಟಣ್ ಅಂತ ಹಾರಿತು. ಎಲ್ಲೋ ಲೋಹಕ್ಕೆ ತಗುಲಿದ ಸದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ಕಾರ್ಪೆಟ್ ಎತ್ತಿ, ವೈರುಗಳ ಕೆಳಗೆ ಬೆರಳಾಡಿಸಿ, ಅಯಸ್ಕಾಂತ ಕಟ್ಟಿದ ಕಡ್ಡಿ ಇಳಿಸಿ ಒಂದು ಗಂಟೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ನನ್ನ ಅಂಗಿಯ ಮಡಿಕೆಯಲ್ಲಿ. ಅಂಥ ಕ್ಲಿಪ್ ತೆಗೆಯುವಾಗ ಈಗ ಅದರ ಮೇಲೆ ಒಂದು ಬಟ್ಟೆ ಮುಚ್ಚಿಕೊಳ್ಳುತ್ತೇನೆ.

ಹುಡುಕಾಟದಲ್ಲಿ ಒಂದು ಒಳ್ಳೆಯದೂ ಆಯಿತು. ಕಳಚಿದ ಕೇಬಲ್ಲಿನ ತುದಿ ಅಲ್ಲೇ ಕಣ್ಣಿನ ಹತ್ತಿರ ಇತ್ತು. ಅದರೊಳಗಿನ ರಬ್ಬರ್ ಬುಷ್, ಅಂದರೆ ಲಿವರಿನ ಪಿನ್ ಕೂರುವ ರಬ್ಬರಿನ ಒಳಪದರ, ನೋಡಿದೆ. ಗುಂಡಗೆ ಇರಬೇಕಾದ ತೂತು ಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಹಳೆಯ ಲಿವರಿನ ಪಿನ್ನನ್ನು ಅದರಲ್ಲಿಟ್ಟು ಅಲುಗಿಸಿದೆ. ಸುಮಾರು 3 ಮಿಲಿಮೀಟರ್ ಆಟ. ಕೆಳಗೆ 3 ಮಿಲಿಮೀಟರ್ ಆಟ ಇದ್ದರೆ ಮೇಲೆ ನಾಬ್‌ನಲ್ಲಿ ಅದು ನಾಲ್ಕು ಪಟ್ಟು, 12 ಮಿಲಿಮೀಟರ್! ಗೇರಿನಲ್ಲಿದ್ದಾಗಲೂ ನನ್ನ ನಾಬ್ ಸಡಿಲವಾಗಿ ಅಲ್ಲಾಡುತ್ತಿದ್ದುದು ಇದಕ್ಕೇ. ಲಿವರ್ ಉದ್ದ ಅಂತ ನಾನು ಬೈದುಕೊಳ್ಳುತ್ತಿದ್ದುದರಲ್ಲಿ ಒಂದು ದೊಡ್ಡ ಪಾಲು ಈ ಸವೆದ ಬುಷ್‌ನ ಪಾಲು.

ಇದೊಂದನ್ನು ಒತ್ತಿ ಹೇಳಬೇಕು. ಗೇರ್ ಸಡಿಲ ಅನ್ನಿಸಿದರೆ ಮೊದಲು ಬುಷ್ ಬದಲಿಸಿ. ಒಂದು ತಿಂಗಳು ಹಾಗೇ ಓಡಿಸಿ. ಎಷ್ಟೋ ಜನರಿಗೆ ಅಲ್ಲಿಗೇ ಸಮಾಧಾನವಾಗುತ್ತದೆ, ಹೊಸ ಲಿವರ್ ಬೇಕಾಗುವುದೇ ಇಲ್ಲ. ನಾನು ಲಿವರಿನ ತುದಿಗೆ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿದೆ. ಗೇರ್‌ಬಾಕ್ಸಿನ ತುದಿಯಲ್ಲಿ ಹೊಸ ರಬ್ಬರೇ ಇರಲಿ ಅಂತ ಬಿಟ್ಟೆ. ಹಿತ್ತಾಳೆ, ಅಲ್ಯೂಮಿನಿಯಂ ಬುಷ್‌ಗಳೂ ಬರುತ್ತವೆ. ಅವುಗಳಲ್ಲಿ ಆಟ ಇನ್ನೂ ಕಡಿಮೆ, ಆದರೆ ಎಂಜಿನ್ನಿನ ನಡುಕವೆಲ್ಲ ಕೇಬಲ್ ಹಿಡಿದು ಅಂಗೈಗೆ ಬರುತ್ತದೆ. ರಬ್ಬರ್ ಅಲ್ಲಿರುವುದೇ ಆ ನಡುಕವನ್ನು ನುಂಗಲಿಕ್ಕೆ.

ಲಿವರ್ ಕೂರಿಸಿ, ಗುಂಡಿಗೆ ಗ್ರೀಸ್ ಸವರಿ, ಕೇಬಲ್ಲನ್ನು ಕೊನೆಯ ತೂತಿಗೆ ಹಾಕಿದೆ. ಯಾವ ಯೋಚನೆಯೂ ಇಲ್ಲದೆ, ನೇರ 90ಕ್ಕೆ. ಮೂರರಿಂದ ನಾಲ್ಕಕ್ಕೆ ಎಳೆದೆ. ಕಟಕ್. ನಿಂತ ಕಾರಿನಲ್ಲಿ, ಎಂಜಿನ್ ಆಫ್ ಆಗಿರುವಾಗ, ರಾತ್ರಿ ಹನ್ನೊಂದೂವರೆಗೆ ಅದೇ ಎರಡು ಗೇರುಗಳ ನಡುವೆ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಅಷ್ಟು ಖುಷಿಯಾಗಿತ್ತು.

ಕನ್ಸೋಲ್ ಮುಚ್ಚುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಪ್ರತಿ ಗೇರೂ ಪೂರ್ತಿ ಒಳಗೆ ಹೋಗುತ್ತಿದೆಯಾ ನೋಡಬೇಕು, ರಿವರ್ಸ್ ಕೂಡ. ಗೇರ್ ಹಿಡಿಯುವ ಹಲ್ಲುಗಳನ್ನು ಸ್ವಲ್ಪ ಒಳಮುಖವಾಗಿ ಓರೆ ಕೊರೆದಿರುತ್ತಾರೆ. ಪೂರ್ತಿ ಸೇರಿಕೊಂಡರೆ ಎಂಜಿನ್ ಎಳೆದಷ್ಟೂ ಅವು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಲಿವರಿನ ಕೆಳತುದಿ ಎಲ್ಲಾದರೂ ತಗುಲಿ, ಇಲ್ಲವೇ ಚರ್ಮದ ಕವಚ ಬಿಗಿದು, ಹಲ್ಲುಗಳು ಅರ್ಧಕ್ಕೇ ನಿಂತರೆ ಭಾರ ಬಿದ್ದಾಗ ಗೇರ್ ತಾನಾಗಿ ಕಳಚಿಕೊಳ್ಳುತ್ತದೆ. ಹಲ್ಲಿನ ತುದಿಗಳೂ ಸವೆಯುತ್ತವೆ. ನನ್ನ ಕಾರಿನಲ್ಲಿ ರಿವರ್ಸ್ ಹಾಕಿದಾಗ ಉದ್ದವಾದ ಕೆಳತೋಳು ಒಂದು ವೈರಿನ ಕಟ್ಟಿಗೆ ಮುಟ್ಟುತ್ತಿತ್ತು. ವೈರನ್ನು ಪಕ್ಕಕ್ಕೆ ಸರಿಸಿ ಕಟ್ಟಿದೆ. ಕೆಲವು ಶಿಫ್ಟರ್‌ಗಳಲ್ಲಿ ಲಿವರ್ ಇಷ್ಟಕ್ಕೇ ನಿಲ್ಲಲಿ ಅಂತ ತಡೆಯುವ ಸ್ಕ್ರೂಗಳು ಇರುತ್ತವೆ. ಅವನ್ನು ಗೇರ್ ಪೂರ್ತಿ ಬಿದ್ದ ಮೇಲೆ ಮುಟ್ಟುವ ಹಾಗೆ ಹೊಂದಿಸಬೇಕು, ಅದಕ್ಕಿಂತ ಮೊದಲು ಮುಟ್ಟಬಾರದು.

ಆ ಅರ್ಧ ಸೆಕೆಂಡ್ ಎಲ್ಲಿತ್ತು

ಈಗ ಆ ಬೆಳಗಿನ ತಡೆಗೆ ಬರುತ್ತೇನೆ. ಗೇರ್ ಬದಲಿಸುವಾಗ ಗೇರ್‌ಬಾಕ್ಸ್ ಒಳಗೆ ಒಂದು ಕೆಲಸ ಆಗಬೇಕು. ಒಂದನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಒಂದನೇ ಗೇರಿನ ಅನುಪಾತ 3.5 (ಗೇರ್‌ಬಾಕ್ಸಿನಿಂದ ಹೊರಗೆ ಒಂದು ಸುತ್ತಿಗೆ ಎಂಜಿನ್ನಿನ ಮೂರೂವರೆ ಸುತ್ತು), ಎರಡನೆಯದು 1.9 ಇದ್ದರೆ, ಅದೇ ವೇಗದಲ್ಲಿ ಎರಡನೇ ಗೇರಿಗೆ ಬೇಕಾದ್ದು ಸುಮಾರು 2170 ಸುತ್ತು. ಕ್ಲಚ್ ಒತ್ತಿದ ಮೇಲೂ ಕ್ಲಚ್ ಪ್ಲೇಟು, ಅದರ ಶಾಫ್ಟು, ಅದಕ್ಕೆ ಸೇರಿದ ಗೇರುಗಳು ಹಳೆಯ ವೇಗದಲ್ಲೇ ತಿರುಗುತ್ತಿರುತ್ತವೆ. ಅವನ್ನು ಯಾರಾದರೂ 1800 ಸುತ್ತಿನಷ್ಟು ನಿಧಾನ ಮಾಡಬೇಕು. ಆ ಕೆಲಸ ಸಿಂಕ್ರೋ ರಿಂಗಿನದು.

ಸಾಮಾನ್ಯವಾಗಿ ಹಿತ್ತಾಳೆಯ ಒಂದು ಬಳೆ ಅದು. ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳು. ನಾವು ಲಿವರ್ ತಳ್ಳಿದಾಗ ಅದು ಗೇರಿನ ಮೇಲಿರುವ ಶಂಕುವಿನಾಕಾರದ ಭಾಗಕ್ಕೆ ಒತ್ತಿಕೊಳ್ಳುತ್ತದೆ, ಬ್ರೇಕಿನ ಹಾಗೆ ಉಜ್ಜಿ ವೇಗ ಸಮ ಮಾಡುತ್ತದೆ. ಸಮ ಆಗುವ ತನಕ ಆ ಬಳೆ ಸ್ವಲ್ಪ ತಿರುಗಿ ಅಡ್ಡ ನಿಂತಿರುತ್ತದೆ, ಹಲ್ಲುಗಳನ್ನು ಮುಂದೆ ಹೋಗಲು ಬಿಡುವುದಿಲ್ಲ. ಸಮ ಆದ ಕೂಡಲೇ ಪಕ್ಕಕ್ಕೆ ಸರಿದು ದಾರಿ ಕೊಡುತ್ತದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವರು ಅಂದೆನಲ್ಲ, ಅದು ಇದೇ ಬಳೆ. ಅರ್ಲ್ ಥಾಂಪ್ಸನ್ ಅನ್ನುವ ಎಂಜಿನಿಯರ್ ರೂಪಿಸಿದ ಸಿಂಕ್ರೋ ಏರ್ಪಾಡಿನ ಮೊದಲ ರೂಪವನ್ನು ಕ್ಯಾಡಿಲ್ಯಾಕ್ 1928ರಲ್ಲಿ ಕಾರಿಗೆ ತಂದಿತು. ಅದಕ್ಕೂ ಮುಂಚೆ ಓಡಿಸುವವರು ಎರಡೆರಡು ಸಲ ಕ್ಲಚ್ ಒತ್ತಿ, ನಡುವೆ ಎಂಜಿನ್ ವೇಗ ತಾವೇ ಹೊಂದಿಸಿ ಗೇರ್ ಹಾಕಬೇಕಿತ್ತು. ತಪ್ಪಿದರೆ ಕರ್ರ್ ಸದ್ದು.

ಈಗ ಲೆಕ್ಕ ನೋಡಿ. ಬಳೆ ಎಷ್ಟು ಜೋರಾಗಿ ಒತ್ತಿಕೊಳ್ಳುತ್ತದೋ ಅಷ್ಟು ಬೇಗ ವೇಗ ಸಮವಾಗುತ್ತದೆ. ಹಳೆಯ ಲಿವರಿನಲ್ಲಿ ನನ್ನ ಕೈಯ ಬಲ ನಾಲ್ಕು ಪಟ್ಟಾಗಿ ಹೋಗುತ್ತಿತ್ತು. 90ರ ತೂತಿನಲ್ಲಿ ಅದು ಎರಡು ಮುಕ್ಕಾಲು ಪಟ್ಟಿಗೂ ಕಡಿಮೆ. ನಾನು ಮೊದಲಿನಷ್ಟೇ ಹಗುರವಾಗಿ ತಳ್ಳಿದರೆ ಬಳೆಗೆ ಸಿಗುವ ಬಲ ಮೂರರಲ್ಲಿ ಎರಡು ಪಾಲಾಗುತ್ತದೆ. ಅದರ ಕೆಲಸಕ್ಕೆ ಒಂದೂವರೆ ಪಟ್ಟು ಹೊತ್ತು ಬೇಕಾಗುತ್ತದೆ. ಅಂದರೆ ಬೇಗ ಗೇರ್ ಹಾಕಲೆಂದು ತಂದ ಲಿವರ್, ಅದೇ ಕೈಯಲ್ಲಿ, ಒಳಗಿನ ಕೆಲಸವನ್ನು ನಿಧಾನ ಮಾಡಿತ್ತು! ಕಾಗದದ ಮೇಲೆ ಆವತ್ತು ಬರೆದಿದ್ದ ಎರಡನೇ ಸಾಲು ಇಷ್ಟು ದಿನದ ಮೇಲೆ ನನಗೆ ಅರ್ಥವಾಯಿತು.

ಇನ್ನೊಂದು ಮಾತು. ಮೊದಲು ನನ್ನ ಕೈ 120 ಮಿಲಿಮೀಟರ್ ದಾರಿ ಸವೆಸುತ್ತಿದ್ದಾಗ ಒಂದಿಷ್ಟು ಹೊತ್ತು ಅದರಲ್ಲೇ ಕಳೆಯುತ್ತಿತ್ತು. ಸಿಂಕ್ರೋ ತಡೆದರೂ ಆ ತಡೆ ಉದ್ದದ ಎಳೆತದಲ್ಲಿ ಬೆರೆತುಹೋಗುತ್ತಿತ್ತು. ಸವೆದ ಬುಷ್‌ನ ಆಟವೂ ಅದನ್ನು ಮುಚ್ಚಿಡುತ್ತಿತ್ತು. ಕಾಯುವುದು ಆಗಲೂ ಇತ್ತು. ಕೈ ನಡೆಯುತ್ತಾ ಕಾಯುತ್ತಿತ್ತು, ಅದಕ್ಕೇ ಗೊತ್ತಾಗುತ್ತಿರಲಿಲ್ಲ. ಈಗ ಕೈ ಬೇಗ ಬಾಗಿಲಿಗೆ ಬಂದು ನಿಂತು ಕಾಯಬೇಕು. ಚಳಿಗೆ ಆಯಿಲ್ ಗಟ್ಟಿಯಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು. ಬಳೆಯ ಒಳಮೈಯ ಗೀರುಗಳು ಆಯಿಲ್ ಪದರವನ್ನು ಕತ್ತರಿಸಿ ಹೊರಗೆ ಹಾಕಿದ ಮೇಲೇ ಉಜ್ಜುವಿಕೆ ಶುರುವಾಗುವುದು. ತಣ್ಣಗಿನ ಆಯಿಲ್ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಒಂದರಿಂದ ಎರಡಕ್ಕೆ ಹೋಗುವಾಗಲೇ ಇದು ಜಾಸ್ತಿ ಕಾಣುತ್ತದೆ, ಯಾಕೆಂದರೆ ವೇಗದ ಅಂತರ ಅಲ್ಲೇ ಜಾಸ್ತಿ. ಕೆಳಗಿನ ಗೇರುಗಳಿಗೆ ಎರಡು ಮೂರು ಪದರದ ಸಿಂಕ್ರೋ ಕೊಡುವುದೂ ಇದಕ್ಕೇ.

ಕೈಯ ಬಲ ಜಾಸ್ತಿ ಮಾಡಿ ಇದನ್ನು ಗೆಲ್ಲಬಹುದು. ಒಂದೆರಡು ವಾರ ನಾನೂ ಹಾಗೇ ಮಾಡಿದೆ. ಅಂಗೈ ಬಿಗಿದು ಗುದ್ದಿ ಹಾಕುತ್ತಿದ್ದೆ. ಗೇರ್ ಬೀಳುತ್ತಿತ್ತು. ಆದರೆ ಆ ಬಲವೆಲ್ಲ ಹೋಗುವುದು ಆ ಬಳೆಯ ಮೈಮೇಲೆ. ಒಂದು ದಿನ ಅದು ಸವೆದರೆ ಗೇರ್‌ಬಾಕ್ಸನ್ನೇ ಇಳಿಸಬೇಕು.

ಆಗ ಅಪ್ಪ ನೆನಪಾದರು. ನನಗೆ ಗಾಡಿ ಕಲಿಸಿದವರು ಅವರೇ. ಒಂದು ಖಾಲಿ ಮೈದಾನ, ಅವರ ಹಳೆಯ ಕಾರು. ನೆಲದಿಂದ ಬಾಗಿ ಮೇಲೆ ಬಂದ ಉದ್ದನೆಯ ಲಿವರ್, ತುದಿಯಲ್ಲಿ ಬಿಳುಪಾಗಿ ಸವೆದ ಕಪ್ಪು ನಾಬ್. ಅಂಕಿಗಳು ಅಳಿಸಿಹೋಗಿದ್ದವು. ನಾನು ಎರಡನೇ ಗೇರಿಗೆ ಎರಡೂ ಭುಜ ಬಿಗಿದು ಎಳೆಯುತ್ತಿದ್ದೆ, ಅದು ಕರ್ರ್ ಅನ್ನುತ್ತಿತ್ತು. ಅಪ್ಪ ಒಂದು ಸಲವೂ ರೇಗಲಿಲ್ಲ. ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು. ಅವರ ಅಂಗೈ ಬೆಚ್ಚಗಿತ್ತು, ಅದರಲ್ಲಿ ಭಾರವೇ ಇರಲಿಲ್ಲ. "ಗುದ್ದಾಡಬೇಡ ಅದರ ಜೊತೆ. ಕೈ ಸುಮ್ನೆ ಇಟ್ಕೊಂಡಿರು. ಅದಾಗೇ ತಗೊಳ್ಳತ್ತೆ," ಅಂದರು. ನನ್ನ ಬೆರಳುಗಳು ಅವರ ಕೈ ಕೆಳಗೆ ಸಡಿಲವಾದವು. ಲಿವರ್ ಒಂದು ಕಡೆ ಬಂದು ನಿಂತಿತು. ನಾವಿಬ್ಬರೂ ಕಾದೆವು. ಆಮೇಲೆ ಅದು ನಮ್ಮ ಕೈ ಹಿಡಿದು ಎಳೆದುಕೊಂಡ ಹಾಗೆ ಒಳಗೆ ಹೋಯಿತು. ಬಳೆ, ಶಂಕು ಇವೆಲ್ಲದರ ಹೆಸರು ಅಪ್ಪ ಯಾವತ್ತೂ ಹೇಳಿದ್ದಿಲ್ಲ. ಅದು ಸರಿದು ದಾರಿ ಕೊಡುವ ಕ್ಷಣ ಅವರ ಅಂಗೈಗೆ ಗೊತ್ತಿತ್ತು. ಇಷ್ಟು ವರ್ಷ ಸುಲಭದ ಕಾರು ಓಡಿಸಿ ನನ್ನ ಕೈ ಅದನ್ನು ಮರೆತಿತ್ತು.

ಅಕ್ಕ ಓಡಿಸಿದಾಗ

ಈ ಕಾರು ನನ್ನೊಬ್ಬನದಲ್ಲ. ವಾರದಲ್ಲಿ ಎರಡು ಮೂರು ದಿನ ಅಕ್ಕ ಓಡಿಸುತ್ತಾಳೆ. ನನಗಿಂತ ಮೊದಲು ಕಲಿತವಳು, ನನಗಿಂತ ಚೆನ್ನಾಗಿ ಓಡಿಸುವವಳು. ಅವಳು ಗೇರ್ ಹಾಕುವುದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಪಕ್ಕದಲ್ಲಿ ಕೂತವರ ತಲೆ ಅಲುಗುವುದಿಲ್ಲ. ಲಿವರ್ ಬದಲಿಸಿದ್ದನ್ನು ಅವಳಿಗೆ ಹೇಳಿದ್ದೆ, ತೋರಿಸಿರಲಿಲ್ಲ. ಒಂದು ಸಂಜೆ ಕೀ ತಗೊಂಡು ಹೋದಳು. ಒಂದು ಗಂಟೆ ಬಿಟ್ಟು ಬಂದು ಕೀಯನ್ನು ನನ್ನ ಕೈಗೆ ಕೊಟ್ಟಳು.

"ಏನೋ ಇದು, ಇಷ್ಟು ಗಟ್ಟಿ ಮಾಡಿಟ್ಟಿದ್ದೀಯ?"

"ಗಟ್ಟಿ ಅಲ್ಲಕ್ಕಾ, ದಾರಿ ಕಡಿಮೆ ಆಗಿದೆ."

"ದಾರಿ ಯಾರಿಗೆ ಜಾಸ್ತಿ ಆಗಿತ್ತೋ? ಟ್ರಾಫಿಕ್‌ನಲ್ಲಿ ಒಂದು, ಎರಡು, ಒಂದು, ಎರಡು ಅಂತ ಹಾಕಿ ಹಾಕಿ ಮಣಿಕಟ್ಟು ನೋಯ್ತಿದೆ ಕಣೋ. ಅದೂ ಅಲ್ದೆ ಐದರಿಂದ ನಾಲ್ಕಕ್ಕೆ ಅಂತ ಎಳೆದ್ರೆ ಎರಡರ ಹತ್ತಿರ ಹೋಗತ್ತೆ. ಭಯ ಆಯ್ತು."

ಕೊನೆಯ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅದು ಸಣ್ಣ ವಿಷಯವಲ್ಲ. ಈ ಶಿಫ್ಟರಿನಲ್ಲಿ ಎಡ ಬಲದ ದಾರಿಯನ್ನೂ ಕಡಿಮೆ ಮಾಡುವ ಒಂದು ಸೀಳು ಇತ್ತು. ನಾನು ಅದನ್ನೂ ಕೊನೆಯ ತನಕ ಬಿಗಿದಿದ್ದೆ. ಹಾಗೆ ಬಿಗಿದರೆ ಒಂದು ಎರಡರ ಸಾಲು, ಮೂರು ನಾಲ್ಕರ ಸಾಲು ಒಂದಕ್ಕೊಂದು ತೀರಾ ಹತ್ತಿರ ಬರುತ್ತವೆ. ಮೂರನೇ ಗೇರಿನಲ್ಲಿ 6000 ಸುತ್ತಿನಲ್ಲಿದ್ದಾಗ ನಾಲ್ಕಕ್ಕೆ ಬದಲು ಎರಡಕ್ಕೆ ಬಿದ್ದರೆ ಏನಾಗುತ್ತದೆ? ಮೂರನೆಯದರ ಅನುಪಾತ 1.4, ಎರಡನೆಯದು 1.9 ಅಂದುಕೊಂಡರೆ, ಕ್ಲಚ್ ಬಿಟ್ಟ ಕ್ಷಣ ಚಕ್ರಗಳು ಎಂಜಿನ್ನನ್ನು 8100 ಸುತ್ತಿನ ಮೇಲೆ ತಿರುಗಿಸುತ್ತವೆ. ಎಂಜಿನ್ನಿಗೆ ಸುತ್ತಿನ ಮಿತಿ ಇಟ್ಟಿರುತ್ತಾರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ನಿಲ್ಲಿಸುವುದು ಪೆಟ್ರೋಲನ್ನೋ ಕಿಡಿಯನ್ನೋ. ಇಲ್ಲಿ ತಿರುಗಿಸುತ್ತಿರುವುದು ಚಕ್ರ. ವಾಲ್ವ್‌ಗಳು ಸಮಯಕ್ಕೆ ಮುಚ್ಚಿಕೊಳ್ಳದೆ ಪಿಸ್ಟನ್ನಿಗೆ ಬಡಿದರೆ ಎಂಜಿನ್ ಅಲ್ಲಿಗೆ ಮುಗಿಯಿತು.

ಆ ರಾತ್ರಿಯೇ ಎಡ ಬಲದ ಸೀಳನ್ನು ಕಂಪನಿ ಕೊಟ್ಟಿದ್ದ ಅಳತೆಗೇ ವಾಪಸ್ ತಂದೆ. ಮತ್ತೆ ಮುಟ್ಟಿಲ್ಲ. ಹಿಂದೆ ಮುಂದಿನ ದಾರಿ ಎಷ್ಟು ಬೇಕಾದರೂ ಕಡಿಮೆ ಮಾಡಿಕೊಳ್ಳಿ, ಅಡ್ಡದ ದಾರಿಗೆ ಕೈ ಹಾಕಬೇಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವಿನ ಆ ಜಾಗ ಕೈ ತಪ್ಪದ ಹಾಗೆ ಕಾಯುತ್ತದೆ.

ತೂತಿನ ವಿಷಯಕ್ಕೆ ಜಾಸ್ತಿ ದಿನ ಹಿಡಿಯಿತು. ಮೊದಲು ಒಮ್ಮೆಗೇ 70ಕ್ಕೆ ಹೋದೆ. ಅಕ್ಕನಿಗೆ ಇಷ್ಟವಾಯಿತು. ನನಗೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಒಂದು ವಾರ ಬಿಟ್ಟು 80ಕ್ಕೆ ಹಾಕಿದೆ. ಕೈಯ ದಾರಿ ಕಾಲು ಭಾಗ ಕಡಿಮೆ, ಬಲ ಮೂರನೇ ಒಂದು ಪಾಲು ಜಾಸ್ತಿ. ನಾಬ್ ಕೂಡ ಬದಲಿಸಿದೆ. ಹಗುರ ಪ್ಲಾಸ್ಟಿಕ್ ನಾಬ್ ತೆಗೆದು ಭಾರದ ಸ್ಟೀಲ್ ನಾಬ್ ಹಾಕಿದೆ. ಗೇರ್‌ಬಾಕ್ಸಿನ ತುದಿಯಲ್ಲಿರುವ ಕಬ್ಬಿಣದ ಗುಂಡು ಮಾಡುವ ಕೆಲಸವನ್ನೇ ಇದು ಇಲ್ಲಿ ಸ್ವಲ್ಪ ಮಾಡುತ್ತದೆ. ಲಿವರ್ ಹೊರಟರೆ ಭಾರ ಅದನ್ನು ಮುಂದಕ್ಕೆ ಒಯ್ಯುತ್ತದೆ. (ನಾಬ್ ಕೊಳ್ಳುವವರು ಮರೆ, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ನೋಡಿ ಕೊಳ್ಳಿ. ಒಂದು ಕಾರಿಗೆ 10 ಮಿಲಿಮೀಟರ್ ಇದ್ದರೆ ಇನ್ನೊಂದಕ್ಕೆ 12. 10ರಲ್ಲೂ ಮರೆಯ ಅಂತರ 1.25 ಇದೆ, 1.5 ಇದೆ. ಒತ್ತಾಯಕ್ಕೆ ತಿರುಗಿಸಿದರೆ ಲಿವರಿನ ಮರೆಯೇ ಹಾಳು. ಬಿಸಿಲಿನಲ್ಲಿ ನಿಂತ ಕಾರಿನ ಸ್ಟೀಲ್ ನಾಬನ್ನು ಬರಿಗೈಯಲ್ಲಿ ಮುಟ್ಟುವುದು ಕಷ್ಟ ಅನ್ನುವುದನ್ನೂ ಹೇಳಬೇಕು.)

ಜೊತೆಗೆ ಗೇರ್ ಆಯಿಲ್ ಬದಲಿಸಿದೆ. ಆರು ವರ್ಷದ ಹಳೆಯ ಆಯಿಲ್ ಕಪ್ಪಾಗಿತ್ತು. ಕೈಪಿಡಿಯಲ್ಲಿ ಹೇಳಿದ ಜಿಎಲ್-4 ದರ್ಜೆಯದನ್ನೇ ಹಾಕಿದೆ. ಜಿಎಲ್-5 ಇನ್ನೂ ಒಳ್ಳೆಯದು, ಅಂಕಿ ದೊಡ್ಡದು ಅಂತ ಹಾಕುವವರಿದ್ದಾರೆ. ಅದರಲ್ಲಿ ಭಾರೀ ಒತ್ತಡದ ಗೇರುಗಳಿಗೆ ಬೇಕಾದ ಗಂಧಕದ ಸೇರ್ಪಡೆ ಜಾಸ್ತಿ ಇರುತ್ತದೆ. ಹಿತ್ತಾಳೆಯ ಬಳೆಗೆ ಅದು ಹಿಡಿಸದೇ ಹೋಗಬಹುದು. ಜಾರುವುದೂ ಜಾಸ್ತಿಯಾದರೆ ಬಳೆ ಉಜ್ಜುವುದಾದರೂ ಹೇಗೆ?

ಮತ್ತೆ ಒಂದು ಚಳಿ ಬೆಳಗ್ಗೆ ಅಕ್ಕನ ಪಕ್ಕದಲ್ಲಿ ಕೂತೆ. ಅವಳ ಕೈಯನ್ನೇ ನೋಡುತ್ತಿದ್ದೆ. ಒಂದನೇ ಗೇರಿನಲ್ಲಿ ರಸ್ತೆಗೆ ಬಂದಳು, ಕ್ಲಚ್ ಒತ್ತಿದಳು. ನಾಬ್ ಮೇಲೆ ಬೆರಳು ಸಡಿಲವಾಗಿ ಇಟ್ಟು ಹಿಂದಕ್ಕೆ ತಂದಳು. ಒಂದು ಕಡೆ ಕೈ ನಿಂತಿತು. ಅವಳು ಒತ್ತಲಿಲ್ಲ, ಬಿಡಲೂ ಇಲ್ಲ. ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಲಿವರ್ ಒಳಗೆ ಹೋಯಿತು.

"ತಗೊಳ್ತು," ಅಂದಳು.

"ಅಪ್ಪ ನಿಂಗೂ ಹಾಗೇ ಹೇಳ್ಕೊಟ್ಟಿದ್ರಾ?"

"ಮತ್ತೆ? ಕೈ ಮೇಲೆ ಕೈ ಇಟ್ಟು."

ಕೇಬಲ್ ಈಗ ನಡುವಿನ ತೂತಿನಲ್ಲಿದೆ. ಕನ್ಸೋಲ್ ಮುಚ್ಚುವ ಮೊದಲು ಉಳಿದ ಎರಡು ತೂತುಗಳಿಗೂ ತುಕ್ಕು ಹಿಡಿಯದ ಹಾಗೆ ಗ್ರೀಸ್ ಸವರಿಟ್ಟಿದ್ದೇನೆ.